ಎರಡು ಸಾವಿರ ಪೌಂಡಿನ ಸಾಲು: ರೇಖಾಂಶ ಬಹುಮಾನದ ಒಂದು ಮರುಓದು

ಕಡಲಲ್ಲಿ ರೇಖಾಂಶ ಹೇಳುವ ಗಡಿಯಾರ ಕಟ್ಟಿದ ಜಾನ್ ಹ್ಯಾರಿಸನ್ ಹೆಸರು ಬಂದಲ್ಲೆಲ್ಲ ಒಂದೇ ಕಥೆ ಕೇಳಿಬರುತ್ತದೆ. ಇಪ್ಪತ್ತು ಸಾವಿರ ಪೌಂಡಿನ ಬಹುಮಾನ, ಹಳ್ಳಿಯ ಬಡಗಿ, ನಲವತ್ತು ವರ್ಷದ ತಪಸ್ಸು, ಅಡ್ಡಗಾಲು ಹಾಕಿದ ಖಗೋಳಜ್ಞರು. 1995ರಲ್ಲಿ ಡಾವಾ ಸೊಬೆಲ್ ಅವರ ‘ಲಾಂಜಿಟ್ಯೂಡ್’ ಬಂದ ಮೇಲಂತೂ ಈ ಕಥೆಗೆ ಶ್ರುತಿಪ್ರಮಾಣದ ಬಲ ಬಂದಿದೆ. ಆ ಪುಸ್ತಕದ ಋಣ ನನ್ನ ಮೇಲೂ ಇದೆ. ಈ ವಿಷಯಕ್ಕೆ ನನ್ನನ್ನು ಎಳೆದದ್ದು ಅದೇ. ಆದರೆ ಅದರ ಉಪಶೀರ್ಷಿಕೆಯಲ್ಲೇ ಇರುವ ‘ಒಂಟಿ ಪ್ರತಿಭೆ’ಯ ಕಲ್ಪನೆ ಒಂದು ಮುಖ್ಯ ದಾಖಲೆಯನ್ನು ಮಸುಕು ಮಾಡಿದೆ. ಬಹುಮಾನ ಘೋಷಿಸಿ ಸುಮ್ಮನೆ ಕುಳಿತರೆ ತಂತ್ರಜ್ಞಾನ ತಾನಾಗಿ ಹುಟ್ಟುತ್ತದೆ ಎಂದು ವಾದಿಸುವವರು ಇಂದಿಗೂ ಇದೇ ಕಥೆಯನ್ನು ಸಾಕ್ಷಿಗೆ ಕರೆಯುತ್ತಾರೆ. ಆ ಸಾಕ್ಷಿ ಅವರ ಪರ ನುಡಿಯುವುದಿಲ್ಲ ಎಂಬುದು ಈ ಲೇಖನದ ಪ್ರತಿಪಾದನೆ.

ನಮ್ಮ ಶಾಸನಗಳನ್ನು ಓದಿದವರಿಗೆ ಒಂದು ಪಾಠ ಗೊತ್ತಿದೆ. ದಾನಿಯ ಬಿರುದುಗಳನ್ನು ಓದಿ, ಎಲ್ಲೆ-ಕಟ್ಟುಪಾಡುಗಳ ಸಾಲುಗಳನ್ನು ದಾಟಿಹೋದರೆ ದಾನದ ಸ್ವರೂಪ ತಿಳಿಯುವುದಿಲ್ಲ. 1714ರ ಜುಲೈನಲ್ಲಿ ಬ್ರಿಟಿಷ್ ಸಂಸತ್ತು ಮಾಡಿದ ರೇಖಾಂಶ ಕಾಯಿದೆಗೂ ಈ ಮಾತು ಸಲ್ಲುತ್ತದೆ. ಒಂದು ಡಿಗ್ರಿಯೊಳಗೆ ರೇಖಾಂಶ ಹೇಳಿದರೆ 10,000 ಪೌಂಡ್, ಮೂರನೇ ಎರಡು ಡಿಗ್ರಿಯೊಳಗಾದರೆ 15,000, ಅರ್ಧ ಡಿಗ್ರಿಯೊಳಗಾದರೆ 20,000. ಇವು ಬಿರುದಿನ ಸಾಲುಗಳು. ಎಲ್ಲರ ಬಾಯಲ್ಲೂ ಇವೆ. ಅದೇ ಕಾಯಿದೆಯಲ್ಲಿ ಇನ್ನೊಂದು ಸಾಲಿದೆ: ಭರವಸೆ ಹುಟ್ಟಿಸುವ ಪ್ರಸ್ತಾವ ಬಂದರೆ ಅದರ ಪ್ರಯೋಗಗಳಿಗಾಗಿ 2,000 ಪೌಂಡಿನವರೆಗೆ ಕೊಡಿಸುವ ಅಧಿಕಾರ ಐವರು ಕಮಿಷನರುಗಳಿಗೆ ಇರುತ್ತದೆ. ಇದು ಗೆದ್ದವರಿಗಲ್ಲ, ಗೆಲ್ಲದೆ ಇನ್ನೂ ದುಡಿಯುತ್ತಿರುವವರಿಗೆ ಇಟ್ಟ ಹಣ. ಒಂದೇ ಕಾಯಿದೆ ಒಂದು ಕೈಯಲ್ಲಿ ಬಹುಮಾನವನ್ನೂ ಇನ್ನೊಂದು ಕೈಯಲ್ಲಿ ಅನುದಾನವನ್ನೂ ಹಿಡಿದಿತ್ತು. ಮೊದಲ ಕೈಯನ್ನಷ್ಟೇ ನೋಡಿದ ಇತಿಹಾಸ ಅರ್ಧ ಇತಿಹಾಸ.

ಈಗ ವಿವಾದದ ದಾಖಲೆಗೆ ಬರೋಣ. ಈ ಕಮಿಷನರುಗಳ ರೇಖಾಂಶ ಮಂಡಳಿ ಹುಟ್ಟಿ 23 ವರ್ಷಗಳಾದ ಮೇಲೆ, 1737ರ ಜೂನ್ 30ರಂದು, ಅದರ ಮೊದಲ ದಾಖಲಿತ ಸಭೆ ನಡೆಯಿತು. ಎಡ್ಮಂಡ್ ಹ್ಯಾಲಿ, ಹ್ಯಾನ್ಸ್ ಸ್ಲೋನ್ ಅಂಥ ಹೆಸರಾಂತ ವಿದ್ವಾಂಸರು ಕುಳಿತಿದ್ದರು. ಹ್ಯಾರಿಸನ್ನರ ಮೊದಲ ಸಮುದ್ರ ಗಡಿಯಾರ (ಎಚ್-1) ಹಿಂದಿನ ವರ್ಷವಷ್ಟೇ ‘ಸೆಂಚುರಿಯನ್’ ಹಡಗಿನಲ್ಲಿ ಲಿಸ್ಬನ್ನಿಗೆ ಹೋಗಿ ‘ಆರ್ಫರ್ಡ್’ ಹಡಗಿನಲ್ಲಿ ಮರಳಿತ್ತು. ಬಹುಮಾನಕ್ಕೆ ಬೇಕಿದ್ದ ವೆಸ್ಟ್ ಇಂಡೀಸ್ ಯಾನದ ಪರೀಕ್ಷೆಯನ್ನು ಹ್ಯಾರಿಸನ್ ಆಗಲೇ ಕೇಳಬಹುದಿತ್ತು. ಕೇಳಲಿಲ್ಲ. ತಮ್ಮ ಯಂತ್ರದ ಕುಂದುಗಳನ್ನು ತಾವೇ ಹೇಳಿ, ಇನ್ನೂ ಚಿಕ್ಕದಾದ ಎರಡನೆಯ ಯಂತ್ರವನ್ನು ಎರಡು ವರ್ಷದಲ್ಲಿ ಮಾಡಿಕೊಡುವುದಾಗಿ ಹೇಳಿದರು, ಅದಕ್ಕೆ ಹಣ ಕೇಳಿದರು. ಮಂಡಳಿ 500 ಪೌಂಡ್ ಒಪ್ಪಿತು: 250 ಕೂಡಲೇ, ಉಳಿದ 250 ಯಂತ್ರ ಹಡಗು ಹತ್ತಿದಾಗ. ಪ್ರಯಾಣ ಮುಗಿದ ಮೇಲೆ ಎರಡೂ ಯಂತ್ರಗಳು ಸಾರ್ವಜನಿಕರ ಸೊತ್ತು.

ಜನಪ್ರಿಯ ಪಾಠ ಈ ಸಭೆಯನ್ನು ಸ್ವಭಾವಚಿತ್ರವಾಗಿ ಓದುತ್ತದೆ. ಹ್ಯಾರಿಸನ್ ಪರಿಪೂರ್ಣತೆಯ ಹುಚ್ಚಿನವರು, ಆದ್ದರಿಂದ ಕೈಗೆ ಬಂದ ಬಹುಮಾನವನ್ನು ತಾವೇ ಮುಂದೂಡಿದರು ಎಂಬುದು ಆ ಓದು. ಸ್ವಭಾವ ಹಾಗಿದ್ದಿರಬಹುದು, ನಾನು ಅಲ್ಲಗಳೆಯುವುದಿಲ್ಲ. ಆದರೆ ನಡಾವಳಿ ಎಂಬುದು ಸ್ವಭಾವಚಿತ್ರವಲ್ಲ, ಕರಾರುಪತ್ರ. ಅದರಲ್ಲಿ ಮುಂಗಡವಿದೆ, ಕಂತು ಇದೆ, ಕಂತಿಗೊಂದು ಷರತ್ತು ಇದೆ, ಅವಧಿ ಇದೆ, ಕೊನೆಗೆ ಸೊತ್ತು ಯಾರದೆಂಬ ತೀರ್ಮಾನವೂ ಇದೆ. ಇಂದು ಯಾವುದೇ ಅನುದಾನದ ಅರ್ಜಿ ಬರೆಯುವವರು ಈ ಐದನ್ನೂ ಗುರುತಿಸುತ್ತಾರೆ. ಅಂದು ಹ್ಯಾರಿಸನ್ ಮಂಡಳಿಯ ಮುಂದೆ ನಿಂತದ್ದು ಸ್ಪರ್ಧಿಯಾಗಿ ಅಲ್ಲ, ಅರ್ಜಿದಾರರಾಗಿ. ಕಾಯಿದೆಯ ಎರಡು ಸಾವಿರದ ಸಾಲಿನ ಬಾಗಿಲನ್ನು ಅವರು ತಿಳಿದೇ ತಟ್ಟಿದರು ಎಂದು ನನಗನಿಸುತ್ತದೆ. ಅವರ ಮನಸ್ಸಿನಲ್ಲಿ ಏನಿತ್ತೆಂಬುದು ಊಹೆ. ಬಾಗಿಲು ಇತ್ತು, ತೆರೆಯಿತು ಎಂಬುದು ಮಾತ್ರ ಊಹೆಯಲ್ಲ.

ಮುಂದಿನ ಘಟನೆಗಳು ಈ ಓದನ್ನೇ ಗಟ್ಟಿಗೊಳಿಸುತ್ತವೆ. ಎರಡನೆಯ ಯಂತ್ರ ಕಡಲಿಗೆ ಇಳಿಯಲೇ ಇಲ್ಲ. ಬಹುಮಾನದ ಲೆಕ್ಕದಲ್ಲಿ ಅದು ಸೊನ್ನೆ. ಆದರೂ ಮಂಡಳಿ ಮೂರನೆಯದಕ್ಕೆ ಹಣ ಕೊಟ್ಟಿತು. ಮೂರನೆಯದಕ್ಕೆ 19 ವರ್ಷ ಹಿಡಿಯಿತು, ಅದೂ ಬಹುಮಾನ ತರಲಿಲ್ಲ. ಆದರೆ ಆ ‘ಸೋತ’ ಯಂತ್ರದೊಳಗೇ ಶಾಖಕ್ಕೆ ಬಾಗುವ ಜೋಡಿಲೋಹದ ಪಟ್ಟಿ ಹುಟ್ಟಿತು, ಪಂಜರದ ರೋಲರ್ ಬೇರಿಂಗ್ ಹುಟ್ಟಿತು. ಜೋಡಿಲೋಹದ ಪಟ್ಟಿ ನಾಲ್ಕನೆಯ ಯಂತ್ರಕ್ಕೂ, ಅಂದರೆ ಎಚ್-4 ಎಂಬ ಪ್ರಸಿದ್ಧ ಜೇಬುಗಡಿಯಾರದಾಕಾರದ ಕಾಲಮಾಪಕಕ್ಕೂ ಹೋಯಿತು. 1753ರಲ್ಲಿ ಸಂಸತ್ತು ಪ್ರಯೋಗವೆಚ್ಚಕ್ಕೆಂದೇ ಬೇರೆ ಕಾಯಿದೆ ಮಾಡಿ ಮತ್ತೆ 2,000 ಪೌಂಡ್ ಒದಗಿಸಿತು. ಬಹುಮಾನವೊಂದೇ ಸಾಕಿದ್ದರೆ ಆ ಕಾಯಿದೆ ಏಕೆ ಬೇಕಾಯಿತು? ಅನುದಾನವನ್ನು ಅಡಿಟಿಪ್ಪಣಿಗೆ ತಳ್ಳುವವರು ಈ ಪ್ರಶ್ನೆಗೆ ಉತ್ತರ ಕೊಡಬೇಕು.

ಹ್ಯಾರಿಸನ್ ಜೀವಮಾನದಲ್ಲಿ ಪಡೆದದ್ದು ಒಟ್ಟು 23,065 ಪೌಂಡ್ ಎಂದು ಲೆಕ್ಕ ಹಾಕಿದ್ದಾರೆ. ಅದರಲ್ಲಿ 4,315 ಪೌಂಡ್ ಕಂತುಗಳಲ್ಲಿ ಬಂದದ್ದು, 10,000 ಪೌಂಡ್ 1765ರ ಹೊಸ ಕಾಯಿದೆಯ ಮೇರೆಗೆ, 8,750 ಪೌಂಡ್ 1773ರಲ್ಲಿ ಸಂಸತ್ತು ನೇರವಾಗಿ ಕೊಟ್ಟದ್ದು. ಅವರಿಗೆ ಆಗ 80 ವರ್ಷ. ಮೂರು ವರ್ಷ ಕಳೆದು ತೀರಿಕೊಂಡರು. ಈ ಮೂರರಲ್ಲಿ ಕೊನೆಯ ಎರಡು ಮೊತ್ತಗಳು ಮಾತ್ರ ಕಥೆಯಾಗಿವೆ. ಆದರೆ ಆ ಎರಡೂ ಬಂದದ್ದು ಎಚ್-4 ಮುಗಿದ ನಂತರ. ಗಡಿಯಾರ ಕಟ್ಟುತ್ತಿದ್ದ ವರ್ಷಗಳಲ್ಲಿ ಒಲೆ ಉರಿಸಿದ್ದು ಮೊದಲ ಸಣ್ಣ ಮೊತ್ತ. ಅದಕ್ಕೂ ಮುಂಚೆ ಲಂಡನ್ನಿನ ಗಡಿಯಾರ ತಜ್ಞ ಜಾರ್ಜ್ ಗ್ರಹಾಂ ಬಡ್ಡಿಯಿಲ್ಲದೆ, ಅಡವಿಲ್ಲದೆ ಸಾಲ ಕೊಟ್ಟಿದ್ದರು. ಇಷ್ಟು ಜನರ ಕೈ ಆಸರೆಗಿದ್ದವರನ್ನು ಒಂಟಿ ಎನ್ನುವುದು ಹೇಗೆ?

ಒಂದು ಆಕ್ಷೇಪ ನ್ಯಾಯವಾದದ್ದು. ಇಪ್ಪತ್ತು ಸಾವಿರದ ಆಸೆಯಿಲ್ಲದಿದ್ದರೆ ಬ್ಯಾರೋ ಹಳ್ಳಿಯ ಬಡಗಿ ಲಂಡನ್ನಿಗೆ ಬರುತ್ತಿದ್ದರೇ? ಬಹುಶಃ ಇಲ್ಲ. ಬಹುಮಾನ ಕರೆಯಿತು ಎಂಬುದನ್ನು ಒಪ್ಪುತ್ತೇನೆ. ಆದರೆ ಕರೆಯುವುದು ಬೇರೆ, ಉಣಿಸುವುದು ಬೇರೆ. ಈ ಭೇದವನ್ನು ಅಳಿಸುವವರೊಡನೆ ನನ್ನ ತಕರಾರು.

ಎರಡನೆಯ ಆಕ್ಷೇಪ ನೆವಿಲ್ ಮ್ಯಾಸ್ಕೆಲಿನ್ ಅವರ ಕುರಿತದ್ದು. ರಾಜಖಗೋಳಜ್ಞರಾಗಿದ್ದ ಅವರು 1766ರಲ್ಲಿ ಹ್ಯಾರಿಸನ್ನರ ಮನೆಗೆ ಹೋಗಿ ಯಂತ್ರಗಳನ್ನು ಹೊತ್ತೊಯ್ದದ್ದನ್ನು ಹಗೆತನ ಎಂದೇ ಬರೆಯುತ್ತಾರೆ. ಸಾಗಿಸುವಾಗ ಎಚ್-1 ಪೆಟ್ಟು ತಿಂದದ್ದನ್ನು ನಾನು ಸಮರ್ಥಿಸುವುದಿಲ್ಲ. ವೃದ್ಧರ ಕಣ್ಣೆದುರು ಅವರ ಜೀವಮಾನದ ದುಡಿಮೆಯನ್ನು ಹಾಗೆ ನಡೆಸಿಕೊಳ್ಳಬಾರದಿತ್ತು. ಆದರೆ ಮೊದಲೆರಡು ಯಂತ್ರಗಳು ಸಾರ್ವಜನಿಕರವಾಗಬೇಕೆಂಬ ಮಾತು 1737ರ ನಡಾವಳಿಯಲ್ಲೇ ಇದೆ. ಆಗ ಮ್ಯಾಸ್ಕೆಲಿನ್ನರಿಗೆ ಐದು ವರ್ಷವೂ ತುಂಬಿರಲಿಲ್ಲ. ಅನುದಾನದ ಸಾಲನ್ನು ಓದದವರಿಗೆ ಕರಾರಿನ ವಸೂಲಿ ದ್ವೇಷವಾಗಿ ಕಾಣುತ್ತದೆ.

ಹ್ಯಾರಿಸನ್ನರ ದೂರಿನಲ್ಲೂ ಹುರುಳಿತ್ತು, ಅದನ್ನು ಮುಚ್ಚಿಡಬಾರದು. 1764ರ ಬಾರ್ಬಡೋಸ್ ಯಾನದಲ್ಲಿ ಎಚ್-4 ತಪ್ಪಿದ್ದು 47 ದಿನಗಳಲ್ಲಿ ಸುಮಾರು 39 ಸೆಕೆಂಡು, ದೂರದಲ್ಲಿ ಹತ್ತು ಮೈಲಿಗೂ ಕಡಿಮೆ. ಕಾಯಿದೆ ಕೇಳಿದ್ದು 30 ಮೈಲಿ. ಆದರೂ ಬೇರೆಯವರೂ ಇದನ್ನು ಮಾಡಬಲ್ಲರೆಂದು ತೋರಿಸಬೇಕೆಂಬ ಷರತ್ತು ಆಮೇಲೆ ಸೇರಿತು. 1714ರ ಕಾಯಿದೆಯಲ್ಲಿ ಕಡಲಲ್ಲಿ ‘ಸಾಧ್ಯ ಹಾಗೂ ಉಪಯುಕ್ತ’ವಾಗಿರಬೇಕೆಂಬ ಮಾತಿತ್ತು, ‘ಉಪಯುಕ್ತ’ ಎಂದರೆ ಎಷ್ಟು ಎಂಬುದನ್ನು ಯಾರೂ ಬರೆದಿಟ್ಟಿರಲಿಲ್ಲ. ಆ ಒಂದು ಪದದ ಸಡಿಲಿನಲ್ಲಿ ಹತ್ತು ವರ್ಷ ಜಗಳ ನಡೆಯಿತು. ಗಡಿಯಾರ ತಯಾರಕ ಲಾರ್ಕಂ ಕೆಂಡಾಲ್ 1769ರಲ್ಲಿ ಎಚ್-4ರ ಪ್ರತಿ ಮುಗಿಸಿ, ಕ್ಯಾಪ್ಟನ್ ಕುಕ್ ಅದನ್ನು ತಮ್ಮ ಎರಡನೆಯ ಯಾನಕ್ಕೆ ಒಯ್ದ ಮೇಲೆ ಉಪಯುಕ್ತತೆ ಪ್ರಶ್ನೆಯಾಗಿ ಉಳಿಯಲಿಲ್ಲ. 1828ರಲ್ಲಿ ಮಂಡಳಿಯನ್ನು ಮುಚ್ಚುವವರೆಗೂ 1714ರ ದೊಡ್ಡ ಬಹುಮಾನವನ್ನು ಆ ಕಾಯಿದೆಯ ರೀತ್ಯಾ ಯಾರಿಗೂ ಪೂರ್ತಿಯಾಗಿ ಕೊಡಲಿಲ್ಲ. ಬಹುಮಾನದ ಕೈ ತಡವರಿಸಿತು. ಅನುದಾನದ ಕೈ ಕೆಲಸ ಮಾಡಿತು.

ಇದು ಹಳೆಯ ಇಂಗ್ಲೆಂಡಿನ ಮಾತಷ್ಟೇ ಅಲ್ಲ. ಗೂಗಲ್ ಲೂನಾರ್ ಎಕ್ಸ್ ಪ್ರೈಜ್ ಸ್ಪರ್ಧೆಯಲ್ಲಿ ಚಂದ್ರನ ಮೇಲೆ ಮೊದಲು ಇಳಿದವರಿಗೆ ಎರಡು ಕೋಟಿ ಡಾಲರ್ ಇತ್ತು. ಬೆಂಗಳೂರಿನ ಟೀಮ್ ಇಂಡಸ್ ತಂಡ 2015ರ ಜನವರಿಯಲ್ಲಿ ಇಳಿಯುವ ತಂತ್ರಜ್ಞಾನಕ್ಕಾಗಿ ಹತ್ತು ಲಕ್ಷ ಡಾಲರಿನ ಮೈಲಿಗಲ್ಲು ಬಹುಮಾನ ಪಡೆಯಿತು. 2018ರ ಮಾರ್ಚ್ 31ಕ್ಕೆ ಸ್ಪರ್ಧೆಯ ಅವಧಿ ಮುಗಿದಾಗ ದೊಡ್ಡ ಮೊತ್ತ ಯಾರ ಕೈಗೂ ಹೋಗದೆ ಉಳಿಯಿತು. ದಾರಿಯ ನಡುವೆ ಕೊಟ್ಟದ್ದಷ್ಟೇ ಕೊಟ್ಟದ್ದಾಯಿತು. 1737ರ 250 ಪೌಂಡಿಗೂ ಈ ಮೈಲಿಗಲ್ಲಿನ ಹಣಕ್ಕೂ ಇರುವ ನೆಂಟಸ್ತಿಕೆಯನ್ನು ನಮ್ಮ ವಿಜ್ಞಾನ ಲೇಖಕರು ಗುರುತಿಸಬೇಕು.

ರೇಖಾಂಶ ಮಂಡಳಿಯ ಕಡತಗಳನ್ನು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಗ್ರಂಥಾಲಯ 2013ರಿಂದ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದೆ. ಹ್ಯಾರಿಸನ್ ಕುರಿತು ಬರೆಯುವವರು ಮೊದಲು ನಡಾವಳಿ ಓದಲಿ, ಆಮೇಲೆ ಕಥೆ ಹೇಳಲಿ. ಹೊಸ ಬಹುಮಾನಗಳ ನಿಯಮ ಬರೆಯುವವರಲ್ಲೂ ನನ್ನದೊಂದು ವಿನಂತಿ: ಗೆದ್ದವರಿಗೆ ಎಷ್ಟು ಎಂಬುದನ್ನು ಬರೆಯುವ ಮುನ್ನ, ದುಡಿಯುವವರಿಗೆ ಎಷ್ಟು, ಯಾವಾಗ, ಯಾವ ಷರತ್ತಿನ ಮೇಲೆ ಎಂಬ ಸಾಲನ್ನು ಬರೆಯಿರಿ.