ಕಾಂಪೌಂಡರನಿಂದ ತಂತ್ರಜ್ಞನವರೆಗೆ

ಮಂಗಳಗಿರಿ ಎಂದೊಡನೆ ನೆನಪಾಗುವುದು ಬೆಲ್ಲದ ಪಾನಕವನ್ನು ನೈವೇದ್ಯವಾಗಿ ಸ್ವೀಕರಿಸುವ ನರಸಿಂಹ, ಇಲ್ಲವೇ ಕೈಮಗ್ಗದ ಹತ್ತಿಸೀರೆ. ವಿಜಯವಾಡದ ಸಮೀಪದ ಈ ನೇಕಾರರ ಊರಿಗೆ ಈಗ ಮೂರನೆಯ ಗುರುತೊಂದು ಸೇರಿದೆ. 2018ರಲ್ಲಿ ಮೊದಲ ವಿದ್ಯಾರ್ಥಿ ತಂಡದೊಂದಿಗೆ ಆರಂಭವಾದ ಅಲ್ಲಿನ ಏಮ್ಸ್ ಸಂಸ್ಥೆಯನ್ನು 2024ರ ಫೆಬ್ರವರಿ 25ರಂದು ರಾಷ್ಟ್ರಕ್ಕೆ ಸಮರ್ಪಿಸಲಾಯಿತು. ಇಂತಹ ಸಂಸ್ಥೆಯನ್ನು ಕಂಡಾಗ ನಾವು ಮೊದಲು ನೆನೆಯುವುದು ವೈದ್ಯರನ್ನು. ರಕ್ತ ಪರೀಕ್ಷಿಸುವವರು, ಎಕ್ಸ್‌-ರೇ ತೆಗೆಯುವವರು, ಅರಿವಳಿಕೆಯ ಯಂತ್ರವನ್ನು ಅಣಿಗೊಳಿಸುವವರು, ಔಷಧ ವಿತರಿಸುವವರು ಇಲ್ಲದೆ ಆಸ್ಪತ್ರೆ ಒಂದು ದಿನವೂ ನಡೆಯದು. ಆದರೂ ಅವರ ಚರಿತ್ರೆಯನ್ನು ನಾವು ಬರೆದದ್ದು ಕಡಿಮೆ.

ಆ ಚರಿತ್ರೆಯ ಎಳೆ ಹಿಡಿಯಲು ಆಂಧ್ರದ ಕರಾವಳಿಗೆ ಹೋಗಬೇಕು. ವಿಶಾಖಪಟ್ಟಣದಲ್ಲಿ ಕಿಂಗ್ ಜಾರ್ಜ್ ಆಸ್ಪತ್ರೆಯೂ ವೈದ್ಯಕೀಯ ಕಾಲೇಜೂ 1923ರಲ್ಲಿ ತೆರೆದವು. ಅಂದು ವಿಶಾಖಪಟ್ಟಣದಂತೆ ನಮ್ಮ ಬಳ್ಳಾರಿ, ಮಂಗಳೂರುಗಳೂ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಆದ್ದರಿಂದ ಅಲ್ಲಿನ ಕಾಂಪೌಂಡರ್ ನಮಗೂ ಪರಿಚಿತನೇ. ಬಣ್ಣದ ಮಿಶ್ರಣವನ್ನು ಸೀಸೆಗೆ ತುಂಬಿ, ಹೊತ್ತಿಗೆ ಎಷ್ಟು ಎಂದು ತಿಳಿಯಲು ಕಚ್ಚು ಕತ್ತರಿಸಿದ ಕಾಗದದ ಪಟ್ಟಿಯನ್ನು ಅಂಟಿಸಿ ಕೊಡುತ್ತಿದ್ದವನು ಅವನು. ಗಾಯಕ್ಕೆ ಪಟ್ಟಿ ಕಟ್ಟುವ ಡ್ರೆಸರ್ ಅವನ ಜೊತೆಗಾರ. ಇಬ್ಬರೂ ಬಹುಮಟ್ಟಿಗೆ ನೋಡಿ, ಮಾಡಿ ಕಲಿತವರು.

ಈ ಕಲಿಕೆಗೆ ಕಾನೂನಿನ ಮನ್ನಣೆ ದೊರೆತದ್ದು ಕಂತುಗಳಲ್ಲಿ. ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯ ಔಷಧ ವಿಚಾರಣಾ ಸಮಿತಿ 1931ರಲ್ಲಿ ವರದಿ ನೀಡಿತು. ಶುಶ್ರೂಷಕಿಯರ ಶಿಕ್ಷಣಕ್ಕೆ 1947ರಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯಿದೆ, ಔಷಧ ವಿತರಕರಿಗೆ 1948ರಲ್ಲಿ ಫಾರ್ಮಸಿ ಕಾಯಿದೆ ಬಂದವು. ಎರಡನೆಯದರಲ್ಲಿ ಗಮನಿಸಬೇಕಾದ ಔದಾರ್ಯವೊಂದಿದೆ: ಐದು ವರ್ಷ ಔಷಧ ಮಿಶ್ರಣದ ಕೆಲಸ ಮಾಡಿದ್ದವರಿಗೂ ಮೊದಲ ನೋಂದಣಿ ಪುಸ್ತಕದಲ್ಲಿ ಸ್ಥಾನವಿತ್ತು. ಹೀಗೆ ಹಳೆಯ ಕೈಗಳ ಅನುಭವವೂ ಅರ್ಹತೆಯೆನಿಸಿತು.

ಪ್ರಯೋಗಾಲಯ ಮತ್ತು ಎಕ್ಸ್‌-ರೇ ತಂತ್ರಜ್ಞರಿಗೆ ಈ ಭಾಗ್ಯ ಬೇಗ ಒದಗಲಿಲ್ಲ. 1986ರಲ್ಲಿ ವಿಜಯವಾಡದಲ್ಲಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಹತ್ತು ವರ್ಷಗಳ ಬಳಿಕ ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ವಿಶ್ವವಿದ್ಯಾಲಯ ಬಂತು. ಡಿಪ್ಲೊಮಾ, ಪದವಿಗಳು ಹೆಚ್ಚಿದವು. ಆದರೆ ಇಡೀ ದೇಶಕ್ಕೆ ಅನ್ವಯಿಸುವ ನೋಂದಣಿ ಇರಲಿಲ್ಲ. ಎಕ್ಸ್‌-ರೇ ಕೋಣೆಯವನ ಎದೆಯ ಬಿಲ್ಲೆ ಅವನ ಮೈಗೆ ತಾಗಿದ ವಿಕಿರಣವನ್ನು ಲೆಕ್ಕವಿಡುತ್ತಿತ್ತು. ಅವನ ವೃತ್ತಿಯನ್ನು ಲೆಕ್ಕಕ್ಕೆ ಹಿಡಿಯುವ ರಾಷ್ಟ್ರೀಯ ಪುಸ್ತಕ ಮಾತ್ರ ಇರಲಿಲ್ಲ.

ಕೋವಿಡ್ ಕಾಲದಲ್ಲಿ, 2021ರ ಮಾರ್ಚ್‌ನಲ್ಲಿ, ಸಂಸತ್ತು ಈ ವೃತ್ತಿಗಳಿಗಾಗಿ ರಾಷ್ಟ್ರೀಯ ಆಯೋಗದ ಕಾಯಿದೆಯನ್ನು ಅಂಗೀಕರಿಸಿತು. ವೃತ್ತಿಗಳನ್ನು ಹತ್ತು ವರ್ಗಗಳಾಗಿ ವಿಂಗಡಿಸಿದ ಈ ಕಾಯಿದೆ, ಸಹಾಯಕ ತಂತ್ರಜ್ಞರಿಗೆ ಕನಿಷ್ಠ 2000 ಗಂಟೆಗಳ, ಸ್ವತಂತ್ರ ಹೊಣೆ ಹೊರುವವರಿಗೆ 3600 ಗಂಟೆಗಳ ಶಿಕ್ಷಣವನ್ನು ವಿಧಿಸಿತು. ಶುಶ್ರೂಷಕಿಯರ ಕಾಯಿದೆಗೂ ಇದಕ್ಕೂ ನಡುವಿನ ಅಂತರ 74 ವರ್ಷ.

ಈ ವಿಳಂಬದ ಬೆಲೆಯನ್ನು ತೆತ್ತವರು ಸಾಲ ಮಾಡಿ ಶುಲ್ಕ ಕಟ್ಟಿದ ತಂದೆತಾಯಿಗಳು. ಮಾನ್ಯತೆಯಿಲ್ಲದ ಕೋರ್ಸಿನ ಪ್ರಮಾಣಪತ್ರಕ್ಕೆ ಬೆಲೆಯಿಲ್ಲವೆಂದು ಅವರಿಗೆ ತಿಳಿಯುತ್ತಿದ್ದುದು ಮಕ್ಕಳು ಕೆಲಸ ಕೇಳಲು ಹೋದಾಗ. ಹತ್ತನೆಯ ತರಗತಿಯೋ ಪಿಯುಸಿಯೋ ಮುಗಿಸಿ ಈ ಹಾದಿ ಹಿಡಿಯುವ ಮಕ್ಕಳಿಗೆ ನಾವು ಹೇಳಬೇಕಾದುದು ಇಷ್ಟೇ: ಸಂಸ್ಥೆಯ ಕಟ್ಟಡಕ್ಕಿಂತ ಮೊದಲು ಅದರ ಮಾನ್ಯತೆಯನ್ನು ವಿಚಾರಿಸಿ, ಓದಿದ ಮೇಲೆ ನಿಮ್ಮ ಹೆಸರು ಯಾವ ಪುಸ್ತಕದಲ್ಲಿ ದಾಖಲಾಗುತ್ತದೆಂದು ಕೇಳಿ.