ಮೊಬೈಲಿನ ಐದು ತಲೆಮಾರು



ಬಿತ್ತನೆ ಬೀಜ ಕೊಳ್ಳುವಾಗ ಯಾವ ತಳಿ, ಯಾವ ಹಂಗಾಮಿಗೆ ಎಂದು ವಿಚಾರಿಸದೆ ನೀವು ಚೀಲ ಹೊರುವುದಿಲ್ಲ. ಆದರೆ ಮೊಬೈಲ್ ಕೊಳ್ಳುವಾಗ, ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್ ಕೂರಿಸುವಾಗ ಹಾಗೆ ವಿಚಾರಿಸುವವರು ಕಡಿಮೆ. ಅಂಗಡಿಯವರು 2ಜಿ, 4ಜಿ, 5ಜಿ ಅಂತಾರಲ್ಲ, ಅದರಲ್ಲಿ ‘ಜಿ’ ಎಂದರೆ ತಲೆಮಾರು. ಈ ತಲೆಮಾರುಗಳ ಚರಿತ್ರೆ ತಿಳಿದಿದ್ದರೆ ಕೈಯ ಕಾಸು ಉಳಿದೀತು.

ಮೊದಲನೆಯ ತಲೆಮಾರು 1979ರಲ್ಲಿ ಜಪಾನಿನ ಟೋಕಿಯೋ ನಗರದಲ್ಲಿ ಆರಂಭವಾಯಿತು. ಅದರಲ್ಲಿ ಬರೀ ಮಾತು. ಒಬ್ಬರು ಮಾತಾಡುತ್ತಿದ್ದರೆ ಆ ಅಲೆಯ ದಾರಿಯೆಲ್ಲ ಅವರಿಗೇ ಮೀಸಲು.

ಎರಡನೆಯದು 1991ರಲ್ಲಿ ಫಿನ್‌ಲೆಂಡಿನಲ್ಲಿ ಬಂತು. ಇದು ಮಾತನ್ನು ಅಂಕಿಗಳಾಗಿ ಮಾರ್ಪಡಿಸಿ ಕಳುಹಿಸುತ್ತದೆ. ಒಂದೇ ಕಾಲುವೆಯ ನೀರನ್ನು ಎಂಟು ಹೊಲದವರು ಸರದಿಯ ಮೇಲೆ ಹಾಯಿಸಿಕೊಳ್ಳುವುದಿಲ್ಲವೇ? ಹಾಗೆಯೇ ಒಂದು ದಾರಿಯಲ್ಲಿ ಎಂಟು ಕರೆಗಳು ಸರದಿಯ ಮೇಲೆ ಹೋಗುತ್ತವೆ. ಸರದಿ ಎಷ್ಟು ಬೇಗ ಬರುತ್ತದೆಂದರೆ ಮಾತು ತುಂಡಾದದ್ದು ಕಿವಿಗೆ ತಿಳಿಯದು. ಅಕ್ಷರ ಸಂದೇಶವೂ ಇದರಿಂದಲೇ ಬಂತು.

ನಮ್ಮ ದೇಶದಲ್ಲಿ 1995ರ ಜುಲೈ 31ರಂದು ಕಲ್ಕತ್ತೆಯಿಂದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖ್‌ರಾಮ್ ಅವರಿಗೆ ಮೊದಲ ಕರೆ ಮಾಡಿದರು. ಆಗ ಬಂದ ಕರೆಗೂ ದುಡ್ಡು ಕೊಡಬೇಕಿತ್ತು. 2003ರಲ್ಲಿ ಆ ಭಾರ ತಪ್ಪಿದ ಮೇಲೆ ಮೊಬೈಲು ಬಡವರ ಮನೆಗೂ ಕಾಲಿಟ್ಟಿತು.

ಮೂರನೆಯದು 2001ರಲ್ಲಿ ಜಪಾನಿನಲ್ಲಿ, 2008ರ ಕೊನೆಗೆ ದೆಹಲಿಯಲ್ಲಿ ಬಂತು. ಚಿತ್ರ, ಇಂಟರ್‌ನೆಟ್ಟು ಸರಾಗವಾದವು. ನಾಲ್ಕನೆಯದು 2009ರಲ್ಲಿ ಸ್ವೀಡನ್, ನಾರ್ವೆಗಳಲ್ಲಿ ಆರಂಭವಾಗಿ 2012ರಲ್ಲಿ ಕಲ್ಕತ್ತೆಗೂ ಬೆಂಗಳೂರಿಗೂ ಬಂತು. 2016ರಲ್ಲಿ ಜಿಯೋ ಕಂಪನಿ 4ಜಿ ಒಂದನ್ನೇ ಹಿಡಿದು ಸೇವೆ ತೆರೆಯಿತು. ಐದನೆಯದು ನಮ್ಮಲ್ಲಿ 2022ರ ಅಕ್ಟೋಬರಿನಲ್ಲಿ ಶುರುವಾಯಿತು.

ಇಲ್ಲಿ ಒಂದು ಮಾತು ಗಮನಿಸಿ. ಅಲೆಗಳೂ ಜಮೀನಿನಂತೆ, ಇದ್ದಷ್ಟರಲ್ಲೇ ಬೆಳೆಯಬೇಕು. ಹೊಸ ಬೆಳೆ ಇಡಲು ಹಳೆಯದನ್ನು ಕೀಳುತ್ತಾರೆ. ಏರ್‌ಟೆಲ್ ಕಂಪನಿ 2019-20ರಲ್ಲಿ ತನ್ನ 3ಜಿಯನ್ನು ಹೀಗೆಯೇ ಮುಚ್ಚಿ, ಆ ಅಲೆಗಳನ್ನು 4ಜಿಗೆ ಕೊಟ್ಟಿತು. ಹಿಂದಿನ 2ಜಿಯನ್ನು ಮಾತ್ರ ಉಳಿಸಿಕೊಂಡಿತು. ಅದರ ಚೀಟಿ ಹಾಕಿದ್ದ 3ಜಿ ಫೋನಿನಲ್ಲಿ ಮಾತು ಉಳಿಯಿತು, ವೇಗ ಹೋಯಿತು.

ಆದ್ದರಿಂದ ಸ್ಟಾರ್ಟರ್ ಕೊಳ್ಳುವ ಮೊದಲು ಅದರೊಳಗೆ ಯಾವ ತಲೆಮಾರಿನದು ಕೂತಿದೆ ಎಂದು ಕೇಳಿ. ಬರೀ 2ಜಿಯದಾದರೆ ಜಿಯೋ ಸಿಮ್ಮು ಅದರಲ್ಲಿ ನಡೆಯೋದಿಲ್ಲ. 4ಜಿಯದಾದರೆ 2ಜಿಯೂ ಹಿಡಿಯುತ್ತದೆಯೇ ಎಂದು ವಿಚಾರಿಸಿ. ಒಂದು ಕೈಕೊಟ್ಟರೆ ಇನ್ನೊಂದು ಆದೀತು. ಸಿಮ್ಮು ಆರಿಸುವಾಗ ಮನೆಯ ಜಗಲಿಯಲ್ಲಿ ಅಲ್ಲ, ಕೊಳವೆಬಾವಿಯ ಹತ್ತಿರವೇ ನಿಂತು ಕರೆ ಮಾಡಿ ನೋಡಿ.

5ಜಿ ಎಂದ ಮಾತ್ರಕ್ಕೆ ಮರುಳಾಗಬೇಡಿ. ಅದಕ್ಕೆ ಹೆಚ್ಚಾಗಿ ಬಳಸುವ 3300 ಮೆಗಾಹರ್ಟ್ಸ್ ಸುಮಾರಿನ ಅಲೆ, 2ಜಿಯ 900 ಮೆಗಾಹರ್ಟ್ಸ್ ಅಲೆಯಷ್ಟು ದೂರ ಸಾಗದು. ಮೋಟಾರು ಹಾಕಿ ಆರಿಸಲು ಅಷ್ಟು ವೇಗವೂ ಬೇಡ. ರಾತ್ರಿ ಕರೆಂಟು ಬಂದಾಗ ಹಾವು, ಹುಳುಗಳ ನಡುವೆ ಹೊಲಕ್ಕೆ ಓಡುವುದು ತಪ್ಪಬೇಕಾದರೆ, ಹೊಸದಕ್ಕಿಂತ ನಿಮ್ಮ ಹೊಲಕ್ಕೆ ಮುಟ್ಟುವುದೇ ಮೇಲು.