985 ರೀಬೌಂಡ್, 899 ಅಸಿಸ್ಟ್

ಆಸ್ಕರ್ ರಾಬರ್ಟ್‌ಸನ್ ಅವರ ಮಾತು ಬಂದರೆ ಬ್ಯಾಸ್ಕೆಟ್‌ಬಾಲ್ ಅಭಿಮಾನಿಗಳಲ್ಲಿ ಎರಡು ಪಂಗಡಗಳಾಗುತ್ತವೆ. ಅವರಂಥ ಪರಿಪೂರ್ಣ ಪಾಯಿಂಟ್ ಗಾರ್ಡ್ ಇನ್ನೊಬ್ಬರಿಲ್ಲ ಎನ್ನುವುದು ಒಂದು ಕಡೆಯವರ ವಾದ. ಆ ಕಾಲದ ಆಟ ಬರೀ ಓಟ, ಅಂಕಿಗಳೆಲ್ಲ ಉಬ್ಬಿದವು ಎನ್ನುವುದು ಇನ್ನೊಂದು ಕಡೆಯವರದು. ಇಬ್ಬರೂ ಮುಂದಿಡುವುದು 1961–62ರ ಋತುವನ್ನೇ. ಹಾಗಾಗಿ ಆ ಋತುವಿನ ಎನ್‌ಬಿಎ ದಾಖಲೆಗಳಿಂದಲೇ ಹುಡುಕಾಟ ಶುರುಮಾಡಿದೆ.

ಸಿನ್ಸಿನಾಟಿ ರಾಯಲ್ಸ್ ಪರ 79 ಪಂದ್ಯ, 2432 ಅಂಕ, 985 ರೀಬೌಂಡ್, 899 ಅಸಿಸ್ಟ್ (ಜೊತೆಗಾರನ ಬುಟ್ಟಿಗೆ ದಾರಿಮಾಡಿದ ಪಾಸು). ಭಾಗಿಸಿ ನೋಡಿದರೆ ಪಂದ್ಯಕ್ಕೆ 30.8, 12.5, 11.4. ಮೂರರಲ್ಲೂ ಸರಾಸರಿಯೇ ಎರಡಂಕಿ ದಾಟಿದೆ. ಹಾಗಿದ್ದೂ ಆ ಸಲದ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಬಿಲ್ ರಸೆಲ್ ಪಾಲಾಯಿತು. ಒಂದು ಋತುವಿನ ಅದೃಷ್ಟ ಇರಬಹುದೇ ಎಂದು ಮುಂದಿನ ಸಾಲುಗಳನ್ನೂ ನೋಡಿದೆ. ಅವರ ಮೊದಲ ಐದು ಋತುಗಳನ್ನು ಒಟ್ಟಿಗೆ ಕೂಡಿದರೂ ಸರಾಸರಿ 30.3 ಅಂಕ, 10.4 ರೀಬೌಂಡ್, 10.6 ಅಸಿಸ್ಟ್. ಅದೃಷ್ಟದ ಮಾತು ಅಲ್ಲಿಗೆ ಮುಗಿಯಿತು.

ಉಬ್ಬಿದ ಅಂಕಿ ಎಂಬ ಆರೋಪವನ್ನು ಪರೀಕ್ಷಿಸಲು ಇಡೀ ಲೀಗಿನ ಸರಾಸರಿಗಳು ಬೇಕು. 1961–62ರಲ್ಲಿ ತಂಡವೊಂದು ಪಂದ್ಯಕ್ಕೆ ಸರಾಸರಿ 107.7 ಸಲ ಬುಟ್ಟಿಗೆ ಎಸೆಯುತ್ತಿತ್ತು. ಒಳಗೆ ಬೀಳುತ್ತಿದ್ದುದು ಶೇ. 42.6. ರಸೆಲ್ ವೆಸ್ಟ್‌ಬ್ರೂಕ್ ಇದೇ ಸಾಧನೆ ಮಾಡಿದ 2016–17ಕ್ಕೆ ಬಂದರೆ ಎಸೆತಗಳು 85.4ಕ್ಕೆ ಇಳಿದಿವೆ. ಗುರಿ ತಪ್ಪಿದ ಚೆಂಡು ಹೆಚ್ಚಿದ್ದಷ್ಟೂ ರೀಬೌಂಡ್ ಹೆಚ್ಚು: ತಂಡಕ್ಕೆ 1961–62ರಲ್ಲಿ 71.4, 2016–17ರಲ್ಲಿ 43.5. ಅದೇ ಪ್ರಮಾಣದಲ್ಲಿ ಇಳಿಸಿದರೆ ರಾಬರ್ಟ್‌ಸನ್ ಅವರ 12.5 ಸುಮಾರು 7.6 ಆಗುತ್ತದೆ. ಆರಡಿ ಐದಿಂಚಿನ ಗಾರ್ಡ್‌ಗೆ ಅದೂ ದೊಡ್ಡದೇ. ಆದರೂ ರೀಬೌಂಡ್ ವಿಷಯದಲ್ಲಿ ಟೀಕಾಕಾರರ ಮಾತು ನಿಜ ಎಂದು ಒಪ್ಪಲೇಬೇಕು.

ಅಸಿಸ್ಟ್‌ಗಳ ಕಥೆ ಬೇರೆ. 1961–62ರಲ್ಲಿ ತಂಡವೊಂದು ಪಂದ್ಯಕ್ಕೆ 45.9 ಬುಟ್ಟಿ ಹಾಕಿದರೆ ಅಸಿಸ್ಟ್ ಸಿಗುತ್ತಿದ್ದುದು 23.9, ಅಂದರೆ ನೂರಕ್ಕೆ 52. 2016–17ರಲ್ಲಿ 39 ಬುಟ್ಟಿಗೆ 22.6, ನೂರಕ್ಕೆ 58. ಬುಟ್ಟಿಗಳು ಹೆಚ್ಚಿದ್ದರೂ ಹಳೆಯ ಕಾಲದಲ್ಲಿ ಪಾಸಿಗೆ ಸಿಗುತ್ತಿದ್ದ ಪಾಲು ಕಡಿಮೆ. ಒಂದು ಸಾಮಾನ್ಯ ತಂಡ ಇಡಿಯಾಗಿ ಪಡೆಯುತ್ತಿದ್ದ ಅಸಿಸ್ಟ್‌ಗಳಲ್ಲಿ ಶೇ. 48ರಷ್ಟನ್ನು ರಾಬರ್ಟ್‌ಸನ್ ಒಬ್ಬರೇ ಪಡೆದಿದ್ದಾರೆ. ವೆಸ್ಟ್‌ಬ್ರೂಕ್ ಅವರ 10.4 ಅಸಿಸ್ಟ್ ಇದೇ ಲೆಕ್ಕದಲ್ಲಿ ಶೇ. 46. ಪಾಯಿಂಟ್ ಗಾರ್ಡ್ ಆಟಗಾರನನ್ನು ಅಳೆಯಬೇಕಾದ ಈ ಮುಖ್ಯ ಅಂಕಿಯಲ್ಲಿ ಉಬ್ಬರ ನನಗೆ ಕಾಣಲಿಲ್ಲ. ರಾಬರ್ಟ್‌ಸನ್ ಪಂದ್ಯಕ್ಕೆ 44.3 ನಿಮಿಷ ಆಡಿದರು, ವೆಸ್ಟ್‌ಬ್ರೂಕ್ 34.6 ನಿಮಿಷ ಎಂಬುದನ್ನೂ ಹೇಳಬೇಕು. ನಿಮಿಷಕ್ಕೆ ನಿಮಿಷ ಹೋಲಿಸಿದರೆ ವೆಸ್ಟ್‌ಬ್ರೂಕ್ ಮುಂದಿದ್ದಾರೆ. ಆದರೆ 48 ನಿಮಿಷದ ಆಟದಲ್ಲಿ 44 ನಿಮಿಷ, ಋತುವಿಡೀ, ತಂಡದ ಚುಕ್ಕಾಣಿ ಬಿಡದಿರುವುದೂ ಸಾಮರ್ಥ್ಯವೇ. ನಾನು ಅದನ್ನು ಅವರ ಖಾತೆಗೇ ಹಾಕುತ್ತೇನೆ.

ಅಲ್ಲಿಂದ ಮುಂದೆ ದಾಖಲೆ ಮೌನವಾಗುತ್ತದೆ. ಎದುರಾಳಿಯಿಂದ ಕಸಿದ ಚೆಂಡಿನ ಲೆಕ್ಕ ಶುರುವಾದದ್ದು 1973–74ರಲ್ಲಿ, ಅದು ಅವರ ಕೊನೆಯ ಋತು. ಕಳೆದುಕೊಂಡ ಚೆಂಡಿನ ಲೆಕ್ಕ ಬಂದದ್ದು 1977–78ರಲ್ಲಿ. ಹಾಗಾಗಿ ಅವರು ಚೆಂಡನ್ನು ಎಷ್ಟು ಜೋಪಾನ ಮಾಡುತ್ತಿದ್ದರು ಎಂಬ ಜಗಳವನ್ನು ಅಂಕಿಯಿಂದ ತೀರಿಸುವಂತಿಲ್ಲ. ಗಾರ್ಡ್‌ನ ಅರ್ಧ ಕಸುಬೇ ಅದು. ಆ ಖಾಲಿ ಅಂಕಣ ನನಗೆ ನಿಜಕ್ಕೂ ಸಂಕಟ ತಂದಿತು.

ದಾಖಲೆಯಲ್ಲಿ ಉಳಿದದ್ದು ಇಷ್ಟು: 1971ರಲ್ಲಿ ಮಿಲ್ವಾಕಿ ಬಕ್ಸ್ ಪರ, ಮುಂದೆ ಕರೀಂ ಅಬ್ದುಲ್ ಜಬ್ಬಾರ್ ಎಂದು ಹೆಸರಾದ ಲ್ಯೂ ಆಲ್ಸಿಂಡರ್ ಜೊತೆಗೂಡಿ, ರಾಬರ್ಟ್‌ಸನ್ ಅವರ ಏಕೈಕ ಚಾಂಪಿಯನ್ ಪಟ್ಟ. 1974ರಲ್ಲಿ ನಿವೃತ್ತರಾದಾಗ ಅವರ ಅಸಿಸ್ಟ್ 9887. ಅಲ್ಲಿಯವರೆಗೆ ಎನ್‌ಬಿಎಯಲ್ಲಿ ಯಾರದೂ ಅಷ್ಟಿರಲಿಲ್ಲ.

ಅಭಿಮಾನಿಗಳು ಸಾಮಾನ್ಯವಾಗಿ ತೆರೆಯದ ಕಡತವೊಂದು ನ್ಯಾಯಾಲಯದ್ದು. ಆಟಗಾರರ ಸಂಘದ ಅಧ್ಯಕ್ಷರಾಗಿದ್ದ ರಾಬರ್ಟ್‌ಸನ್ 1970ರಲ್ಲಿ, ಇನ್ನೂ ಆಡುತ್ತಿರುವಾಗಲೇ, ತಮ್ಮ ಲೀಗಿನ ಮೇಲೆಯೇ ಮೊಕದ್ದಮೆ ಹೂಡಿದರು. ಪ್ರತಿಸ್ಪರ್ಧಿ ಲೀಗಾದ ಎಬಿಎ ಜೊತೆಗಿನ ವಿಲೀನಕ್ಕೆ ತಡೆ ಬೇಕಿತ್ತು; ಒಪ್ಪಂದ ಮುಗಿದ ಮೇಲೂ ಆಟಗಾರನನ್ನು ಒಂದೇ ತಂಡಕ್ಕೆ ಕಟ್ಟಿಹಾಕುವ ಷರತ್ತು ಹೋಗಬೇಕಿತ್ತು. 1976ರಲ್ಲಿ ರಾಜಿಯಾಯಿತು. ಆಟಗಾರರು ತಂಡ ಆರಿಸಿಕೊಳ್ಳುವ ದಾರಿ ತೆರೆದದ್ದು ಆ ರಾಜಿಯಿಂದ. 2010ರಲ್ಲಿ ಲೆಬ್ರಾನ್ ಜೇಮ್ಸ್ ಕ್ಲೀವ್‌ಲ್ಯಾಂಡ್ ಬಿಟ್ಟು ಮಯಾಮಿ ಸೇರಿದ್ದೂ ಅದೇ ದಾರಿಯಲ್ಲಿ.